ಮೊರ

ಇಂಗೆರ್ ಅಂತ ಹೆಸರು, ಡೆನ್ಮಾರ್ಕಿನವಳು.
ಹಾರನಹಳ್ಳಿಯ ನಾಲಿಗೆಗೆ ಅದು ಇಂಗಮ್ಮ.
ತೆಂಗಿನ ಸೀಮೆಗೆ ಇಂಗೂ ಬಂತಲ್ಲ,
ಇನ್ನು ಮಂಗನೂ ಅಡಿಗೆ ಮಾಡೀತು ಅಂತ
ಕೊಬ್ಬರಿ ಮಂಡಿಯವರು ನಕ್ಕರು.
ಅವಳಿಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು.
ಆ ದಿನ ಔಷಧಿ ಕೋಣೆಯಲ್ಲಿ ಒಬ್ಬಳೇ ನಕ್ಕಳು.

ನಾನು ಕರುಣಾಮಣಿ, ಮಿಷನ್ ದವಾಖಾನೆಯಲ್ಲಿ
ಚೀಟಿ ಬರೆಯುವವಳು, ಸೂಜಿ ಕುದಿಸುವವಳು.
ಅವಳ ಕನ್ನಡ ಬೈಬಲ್ಲಿನಿಂದ ಶುರುವಾಗಲಿಲ್ಲ,
ಹೊಟ್ಟೆನೋವಿನಿಂದ.
ನೀಲಿ ರಟ್ಟಿನ ನೋಟ್‌ಬುಕ್ಕು,
ಅವಳ ಅಕ್ಷರದಲ್ಲಿ ನಮ್ಮ ನೋವು:
ಹಿಂಡ್ತದೆ. ನುಲೀತದೆ. ಸೆಳೀತದೆ.
ಕಿತ್ಕೊಂಡು ಬತ್ತದೆ.
ಜುಮುಜುಮುಗೂ ಚುಳುಚುಳುಗೂ ಏನು ವ್ಯತ್ಯಾಸ ಅಂತ
ರಾತ್ರಿ ಮುದ್ದೆ ಮುರಿಯುವಾಗ ಕೇಳುವಳು.
ನನಗೂ ಗೊತ್ತಿರಲಿಲ್ಲ.
ಚಿಕ್ಕಹೊನ್ನಮ್ಮನ ಮೊಣಕಾಲನ್ನು ಕೇಳಿ ಬಂದೆ.

ಈಸ್ಟರ್ ಕಳೆದ ಮಂಗಳವಾರ.
ಅರವತ್ತೇಳನೆಯ ಚೀಟಿ ಹರಿದು ಒಳಗೆ ಬಂದರೆ
ಮೇಜಿನ ಮೇಲೆ ಅವಳೇ ಅಂಗಾತ,
ತನ್ನ ಹೊಟ್ಟೆಯನ್ನು ಬೇರೆ ಯಾರದೋ ಎಂಬಂತೆ ಒತ್ತಿ ನೋಡುತ್ತ.
"ಇಲ್ಲಿ, ಕರುಣಾ. ಕೆಳಗೆ, ಬಲಕ್ಕೆ. ನಿಧಾನ ಒತ್ತು.
ಈಗ ತಟ್ಟನೆ ಬಿಡು."
ಒತ್ತಿದಾಗ ಹಲ್ಲು ಕಚ್ಚಿದಳು. ಬಿಟ್ಟಾಗ ಚೀರಿದಳು.
"ಸರಿ," ಅಂದಳು ಬೆವರಿನ ನಡುವೆ, ನಾನೇನೋ ಪಾಸಾದ ಹಾಗೆ,
"ಈ ರೋಗಿ ಹಾಸನಕ್ಕೆ. ಚೀಟಿ ಬರಿ."
ಬರೆದೆ. ವಯಸ್ಸು ಎಂಬಲ್ಲಿ ಕೈ ನಿಂತಿತು.
ಆರು ವರ್ಷ ಒಂದೇ ಒಲೆ, ಕೇಳಿಯೇ ಇರಲಿಲ್ಲ.
ಊರು ಎಂಬಲ್ಲಿ ಹಾರನಹಳ್ಳಿ ಅಂತ ಬರೆದೆ.

ಬುಡೇನ್ ಸಾಬರ ಕೊಬ್ಬರಿ ವ್ಯಾನು.
ಮೂಟೆ ಇಳಿಸಿ ಗೋಣಿ ಹಾಸಿ ಮಲಗಿಸಿದೆವು.
ಯಾ ಅಲ್ಲಾ ಅಂತ ಅವರು ಗೇರು ಹಾಕಿದರು.
ನಾನು ಪ್ರಾರ್ಥನೆ ಶುರುಮಾಡಿ ನಡುವೆ ಮರೆತೆ.
ಗುಂಡಿ ಗುಂಡಿಗೂ ಅವಳ ಉಗುರು ನನ್ನ ಮಣಿಕಟ್ಟಿನಲ್ಲಿ.

ದುದ್ದದ ಹತ್ತಿರ ಅವಳ ಕನ್ನಡ ಮುಗಿಯಿತು.
ಪೋಣಿಸಿದ ಮಾತೆಲ್ಲ ದಾರ ಕಡಿದು ಉದುರಿ
ಬೇರೇನೋ ಬಂತು, ಗಂಟಲಾಳದ್ದು, ಒದ್ದೆಯಾದದ್ದು.
ನೋಟ್‌ಬುಕ್ಕು ನನ್ನ ಮಡಿಲಲ್ಲೇ ಇತ್ತು.
ಅವಳ ನೋವಿನ ಒಂದು ಪದವನ್ನೂ
ನಾನು ಬರೆದಿಟ್ಟುಕೊಂಡಿರಲಿಲ್ಲ.

ಎಂಜಿನ್ ಕಾದು ವ್ಯಾನು ನಿಂತಿತು.
ಸಾಬರು ನೀರಿಗೆ ಓಡಿದರು.
ಆಗ ಕಣ್ಣುಬಿಟ್ಟು ಸ್ಪಷ್ಟವಾಗಿ ಅಂದಳು: ಮೊರ.
ಮತ್ತೆ, ಮೊರ, ಮೊರ.
ಬಾಗಿಲಲ್ಲಿ ಹುರುಳಿ ಕೇರುತ್ತಿದ್ದ ಹೆಂಗಸು
ಯಾಕೆ ಏನು ಅನ್ನಲಿಲ್ಲ.
ಹುರುಳಿಯನ್ನು ನೆಲಕ್ಕೆ ಸುರಿದು
ಬರಿಮೊರ ತಂದು ಕೊಟ್ಟಳು.
"ತಗೊಳ್ಳವ್ವ, ಅವ್ವ ಕೇಳ್ತಾವ್ಳೆ."
ಏನು ಮಾಡುವುದು ತಿಳಿಯದೆ ಬೀಸಿದೆ.
ರೈಲ್ವೆ ಗೇಟು ಬಿದ್ದಿದ್ದ ಹನ್ನೊಂದು ನಿಮಿಷ ಬೀಸಿದೆ,
ಆಸ್ಪತ್ರೆಯ ಮೆಟ್ಟಿಲ ತನಕ ಬೀಸಿದೆ,
ಹುರುಳಿಯ ಹೊಟ್ಟು ಅವಳ ರೆಪ್ಪೆಗೆ ಅಂಟುತ್ತಿತ್ತು.

ಒಳಗೆ ಒಡೆದುಹೋಗಿತ್ತಂತೆ.
ಇನ್ನರ್ಧ ಗಂಟೆ ತಡವಾಗಿದ್ದರೆ, ಅಂತ
ಡಾಕ್ಟರು ವಾಕ್ಯ ಮುಗಿಸಲಿಲ್ಲ.
ರಾತ್ರಿ ವರಾಂಡದಲ್ಲಿ ಮೊರ ಹಿಡಿದು ಕೂತವಳನ್ನು ಕಂಡು
ಪಕ್ಕದ ಅಜ್ಜಿ ಕೇಳಿತು, "ಏನು ಮಗು ತಾಯಿ?"
ಪಾಸ್‌ಪೋರ್ಟ್ ನೋಡಿ ಆಗಷ್ಟೇ ತಿಳಿದಿತ್ತು.
"ಹೆಣ್ಣು," ಅಂದೆ, "ನಲವತ್ತೊಂದು ವರ್ಷ."

ನಾಲ್ಕನೆಯ ದಿನ, ಗಂಜಿ ಕುಡಿಸುತ್ತ ಕೇಳಿದೆ:
ಮೊರ ಯಾಕೆ ಬೇಕಿತ್ತು?
ಮೂಲೆಯಲ್ಲಿದ್ದ ಅದನ್ನೇ ಬಹಳ ಹೊತ್ತು ನೋಡಿದಳು.
ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು.
"ನಮ್ಮಲ್ಲಿ ಅಮ್ಮನಿಗೆ ಹಾಗನ್ನೋದು.
ನಗಿಸಬೇಡ ಕರುಣಾ, ಹೊಲಿಗೆ ಸೆಳೀತದೆ."
ಸೆಳೀತದೆ.
ಚುಚ್ತದೆ ಅಲ್ಲ, ಉರೀತದೆ ಅಲ್ಲ.

ಮೇ ತಿಂಗಳಲ್ಲಿ ಮೊರ ಕೊಡಲೆಂದು
ಇಬ್ಬರೂ ದುದ್ದದಲ್ಲಿ ಇಳಿದೆವು.
ಮನೆ ಸಿಗಲಿಲ್ಲ.
ಬಾಗಿಲು ಬಾಗಿಲಲ್ಲೂ ಯಾರೋ ಏನನ್ನೋ ಕೇರುತ್ತಿದ್ದರು.
ನನಗಿದ್ದ ಗುರುತು ಒಂದೇ,
ಹೊಸಿಲ ಮುಂದೆ ಸುರಿದ ಹುರುಳಿ.
ಕೋಳಿಗಳು ಯಾವಾಗಲೋ ಹೆಕ್ಕಿ ಮುಗಿಸಿದ್ದವು.